ಒರೆಸಿದ ಕೆನ್ನೆ

ಚಿತ್ರ ಪರದೆಯ ಮೇಲೆ ಪೂರ್ತಿ ತೆರೆದುಕೊಳ್ಳುವುದಕ್ಕೂ ಅವಳ ಕೈ ತನ್ನ ಕೆಲಸ ಮಾಡಿ ಮುಗಿಸುವುದಕ್ಕೂ ಸರಿಹೋಯಿತು. ಮುಖದ ಸುತ್ತ ಒಂದು ಗೆರೆ, ಚರ್ಮಕ್ಕೆ ನುಣುಪು, ಒಂದು ಸಲ, ಇನ್ನೊಂದು ಸಲ, ಹಳೆಯ ಚಿತ್ರದ ಮೇಲೆಯೇ ಉಳಿಸು, ಮುಚ್ಚು. ಫೋಟೋ ಸ್ಟುಡಿಯೋದ ಆ ಹಳೆಯ ಕಂಪ್ಯೂಟರು ಎರಡು ಚಿತ್ರ ಒಟ್ಟಿಗೆ ತೆರೆದರೆ ಮುನಿಸಿಕೊಂಡು ಕೂತುಬಿಡುತ್ತಿತ್ತು. ಹಾಗಾಗಿ ಮುಚ್ಚುವುದೂ ಕೈಗೆ ಅಭ್ಯಾಸ. ಮುಚ್ಚಿದ ಮೇಲೆ ಅವಳಿಗೆ ಹೊಳೆಯಿತು, ತಾನು ಈಗ ನೋಡಿದ್ದು ಅಮ್ಮನ ಮುಖ. ಅದರ ಎಡಗೆನ್ನೆಯ ಮೇಲೆ ಏನೋ ಇತ್ತು.

ಮತ್ತೆ ತೆರೆದಳು. ಏನೂ ಇರಲಿಲ್ಲ. ಅಮ್ಮ ಯಾವುದೋ ಬೊಂಬೆ ಅಂಗಡಿಯಿಂದ ಬಂದವಳ ಹಾಗೆ ನುಣ್ಣಗೆ ಕೂತಿದ್ದಳು. ಕಣ್ಣಿನ ಕೆಳಗಿನ ಚೀಲಗಳಿಲ್ಲ, ತುಟಿಯ ಮೇಲಿನ ಸುಕ್ಕಿಲ್ಲ, ಎಡಗೆನ್ನೆಯ ಮೇಲೆ ಎರಡೂ ಕಡೆಯ ಬಣ್ಣ ಬೆರೆತ ಒಂದು ಮಸುಕು ಮಾತ್ರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಜಮಾನರು ಹೇಳಿಕೊಟ್ಟಿದ್ದರು: ಚಿತ್ರ ಅಂದರೆ ಬರೀ ಚುಕ್ಕೆಗಳ ವಠಾರ, ಪ್ರತಿ ಚುಕ್ಕೆಗೂ ಸುತ್ತ ಎಂಟು ಮನೆ. ನುಣುಪು ಮಾಡುವುದೆಂದರೆ ನಡುವಿನವನ ಬಣ್ಣವನ್ನೂ ಎಂಟು ಜನರ ಬಣ್ಣವನ್ನೂ ಕೂಡಿಸಿ, ಸಮನಾಗಿ ಭಾಗಿಸಿ, ಬಂದದ್ದನ್ನು ನಡುವಿನವನಿಗೆ ಕೊಡುವುದು. ಹೀಗೆ ಒಬ್ಬೊಬ್ಬರಿಗೂ. ಬೇರೆ ಥರ ಕಾಣುವವನು ಕ್ರಮೇಣ ನೆರೆಯವರಂತೆಯೇ ಆಗಿಬಿಡುತ್ತಾನೆ. ಅವಳಿಗದು ತಕ್ಷಣ ಅರ್ಥವಾಗಿತ್ತು. ಸೊಸೆಯಾಗಿ ಬಾಳಿದವಳಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಯಜಮಾನರು ಆಗಲೇ ಇನ್ನೊಂದು ಮಾತನ್ನೂ ಹೇಳಿದ್ದರು, ಒಂದು ಸಲ ಹಂಚಿಕೊಂಡ ಮೇಲೆ ಯಾರದು ಎಷ್ಟಿತ್ತು ಅಂತ ಯಾರಿಗೂ ಗೊತ್ತಾಗೋದಿಲ್ಲ, ಮೂಲ ಚಿತ್ರ ಬೇರೆ ಇಟ್ಕೋ. ಬೇರೆಯವರ ಚಿತ್ರಗಳಿಗೆ ಇಟ್ಟುಕೊಳ್ಳುತ್ತಿದ್ದಳು. ಇದು ಮನೆಯದು, ಬಿಟ್ಟಿ ಕೆಲಸ, ಪಿಂಚಣಿ ಕಚೇರಿಯವರು ಅಮ್ಮನ ಹೊಸ ಫೋಟೋ ಕೇಳಿದ್ದಾರೆಂದು ಅತ್ತಿಗೆ ಫೋನಿನಲ್ಲೇ ತೆಗೆದು ಕಳಿಸಿದ್ದು. ಗಿರಾಕಿಗಳು ಬರುವ ಮೊದಲು ಮುಗಿಸಿಬಿಡೋಣ ಎಂದುಕೊಂಡಿದ್ದಳು.

ಹೋಗಲಿ, ಅತ್ತಿಗೆ ಕಳಿಸಿದ್ದು ಇನ್ನೂ ಅಲ್ಲೇ ಇರುತ್ತದಲ್ಲ. ಫೋನಿನಲ್ಲಿ ಜಾಗವಿಲ್ಲವೆಂದು ಅವಳು ಚಿತ್ರಗಳನ್ನು ನೇರ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದಳು. ಮತ್ತೆ ಇಳಿಸಿಕೊಳ್ಳೋಣವೆಂದು ನೋಡಿದರೆ ಅತ್ತಿಗೆಯ ಹೆಸರಿನ ಕೆಳಗೆ ಬೂದುಬಣ್ಣದಲ್ಲಿ ಒಂದು ಸಾಲು: ಈ ಸಂದೇಶವನ್ನು ಅಳಿಸಲಾಗಿದೆ. ಅದರ ಕೆಳಗೆ ಇನ್ನೊಂದು ಚಿತ್ರ. ಅದರಲ್ಲಿ ಅಮ್ಮ ಮುಖಕ್ಕೆಲ್ಲ ಪೌಡರ್ ಹಚ್ಚಿಸಿಕೊಂಡು, ಕತ್ತು ಸ್ವಲ್ಪ ಎಡಕ್ಕೆ ತಿರುಗಿಸಿ, ಬಲಗೆನ್ನೆಯನ್ನಷ್ಟೇ ಕೊಟ್ಟು ಕೂತಿದ್ದಳು. ಕೆಳಗೆ ಬರೆದಿತ್ತು, "ಇದನ್ನ ತಗೋ. ಅದು ಬೇಡ."

ಅದು ಬೇಡ. ಯಾಕೆ ಬೇಡ? ಕೇಳಿದರೆ ಮುಗಿಯುತ್ತಿತ್ತು. ಬೆರಳು ಅಕ್ಷರಗಳ ಮೇಲೆ ಹೋಗಿ ನಿಂತಿತು. 'ಯಾಕೆ ಅತ್ತಿಗೆ' ಎಂದು ಬರೆದರೆ ಸಾಕು, ಆದರೆ ಹಾಗೆ ಬರೆದದ್ದನ್ನು ಅತ್ತಿಗೆ ಯಾವ ದನಿಯಲ್ಲಿ ಓದಿಕೊಳ್ಳುತ್ತಾಳೆ? ನಾಲ್ಕು ವರ್ಷದಿಂದ ಅಮ್ಮನನ್ನು ಎತ್ತಿ ಇಳಿಸಿ ಮಾಡುತ್ತಿರುವವಳು ಅವಳು. ಕೇಳುವುದಕ್ಕೆ ನೀನ್ಯಾರು ಎಂದು ಅವಳು ಹೇಳುವುದಿಲ್ಲ, ಹೇಳುವ ಜಾತಿಯವಳಲ್ಲ. ಹೇಳದೆ ಇರುವುದನ್ನು ಸಹಿಸುವುದೇ ಕಷ್ಟ. ಮನೆಗೆ ಸುಣ್ಣ ಬಳಿಸಿದ ಮೇಲೆ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆಂದು ಮಗಳಾದ ತಾನೇ ಅಂದಿದ್ದಳು. ಸುಣ್ಣ ಬಳಿದು ಅದೂ ಹಳತಾಗತೊಡಗಿತ್ತು. ಗಂಡನನ್ನು ಕೇಳಿದರೆ, "ನಾನೇನು ಬೇಡ ಅಂದಿದೀನಾ?" ಎನ್ನುತ್ತಿದ್ದ, ಪೇಪರಿನಿಂದ ಮುಖ ಎತ್ತದೆ. ಬೇಡ ಅಂದಿರಲಿಲ್ಲ ನಿಜ. ಬೇಡ ಅಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇರುವ ಎರಡು ಕೋಣೆಯಲ್ಲಿ ಅಮ್ಮನ ಮಂಚ ಎಲ್ಲಿ ಹಾಕುವುದೆಂದು ಅವಳು ಮನಸ್ಸಿನಲ್ಲೇ ಎಷ್ಟೋ ಸಲ ಎಳೆದು ನೋಡಿದ್ದಳು. ಪ್ರತಿ ಸಲವೂ ಮಂಚ ಬಾಗಿಲಿಗೆ ಅಡ್ಡ ಬರುತ್ತಿತ್ತು. ಈಗ ಆ ಕೆನ್ನೆಯ ಮೇಲೆ ನಿಜವಾಗಿ ಏನಾದರೂ ಇದ್ದಿದ್ದರೆ, ಅದು ಯಾರಾದರೂ ಮಾಡಿದ್ದಾಗಿದ್ದರೆ, ಬಾಗಿಲು ತೆಗೆದು ಬಿಸಾಡಿಯಾದರೂ ಕರೆದುಕೊಂಡು ಬರಬೇಕಾಗುತ್ತದೆ. ಹಾಗೆ ಅನ್ನಿಸಿದ ಕೂಡಲೆ ಭಯವಾಯಿತು. ಆ ಭಯ ಅಮ್ಮನ ಬಗೆಗೋ ಮಂಚದ ಬಗೆಗೋ ಎಂಬುದು ಮಾತ್ರ ಅವಳಿಗೆ ಸ್ಪಷ್ಟವಾಗಲಿಲ್ಲ.

ನುಣುಪು ಮಾಡಿದ ಚಿತ್ರವನ್ನೇ ದೊಡ್ಡದು ಮಾಡಿದಳು. ಕೆನ್ನೆಯ ಮಸುಕಿನ ಮೇಲೆ ಚೂಪು ಮಾಡುವ ಗುಂಡಿ ಒತ್ತಿದಳು. ಇದು ನುಣುಪಿನ ಉಲ್ಟಾ ಕೆಲಸ. ಇಲ್ಲಿ ಚುಕ್ಕೆ ತನ್ನ ನೆರೆಯವರಿಗಿಂತ ತಾನು ಎಷ್ಟು ಬೇರೆ ಎಂದು ನೋಡಿಕೊಂಡು ಆ ಬೇರೆತನವನ್ನೇ ದೊಡ್ಡದು ಮಾಡಿ ಹೇಳುತ್ತದೆ. ಕಪ್ಪಿಗಿದ್ದದ್ದು ಇನ್ನೂ ಕಪ್ಪು, ಪಕ್ಕದ್ದು ಇನ್ನೂ ಬಿಳಿ. ಒಂದು ಸಲ ಒತ್ತಿದಾಗ ಮಸುಕಿಗೆ ಅಂಚು ಬಂತು. ಇನ್ನೊಂದು ಸಲಕ್ಕೆ ಅಂಚು ಗೆರೆಯಾಯಿತು. ಮತ್ತೊಂದು ಸಲಕ್ಕೆ ಗೆರೆಗಳು ಕಿವಿಯ ಕಡೆಯಿಂದ ಬಾಯಿಯ ಕಡೆಗೆ ಓರೆಯಾಗಿ ಬಂದು ನಿಂತವು. ಎಣಿಸಿದರೆ ಮೂರು ಅನ್ನಬಹುದು, ನಾಲ್ಕು ಅನ್ನಬಹುದು. ಅವಳಿಗೆ ಗೊತ್ತಿತ್ತು, ಹೀಗೆ ಒತ್ತುತ್ತಾ ಹೋದರೆ ಬೋಳು ಗೋಡೆಯಲ್ಲೂ ಗೆರೆ ಏಳುತ್ತದೆ. ಇಲ್ಲದ್ದನ್ನು ಇದು ಹುಟ್ಟಿಸುತ್ತದೆ ಎಂದು ಹೊಸಬರಿಗೆ ಅವಳೇ ಎಚ್ಚರಿಸಿದ್ದಳು. ಗೊತ್ತಿದ್ದೂ ತನ್ನ ಬಲಗೈಯನ್ನು ಎತ್ತಿ ಪರದೆಯ ಹತ್ತಿರ ಹಿಡಿದು, ಬೆರಳುಗಳನ್ನು ಸ್ವಲ್ಪ ಅಗಲಿಸಿ ನೋಡಿದಳು. ಯಾರೋ ಕೆಮ್ಮಿದಂತಾಗಿ ಕೈ ಕೆಳಗಿಳಿಸಿದಳು.

ಕೆಮ್ಮಿದ್ದು ಒಬ್ಬ ಟೈಲರ್. ಕೌಂಟರಿನ ಮೇಲೆ ತನ್ನ ಫೋಟೋಗಳನ್ನು ಇಸ್ಪೀಟಿನಂತೆ ಹರಡಿ ನಿಂತಿದ್ದ.

"ತಾಯಿ, ಇದ್ರಲ್ಲಿ ನನ್ನ ಮಚ್ಚೆ ಎಲ್ಲಿ?"

"ಯಾವ ಮಚ್ಚೆ?"

"ಇದೇ ತಾಯಿ," ಎಂದು ಗಲ್ಲ ಮುಂದೆ ಚಾಚಿದ. ಕಡಲೆಕಾಳಿನಷ್ಟು ದಪ್ಪದ ಮಚ್ಚೆ. "ಲೈಸೆನ್ಸ್ ಆಫೀಸ್‌ನೋರು ಇದು ನಿನ್ನ ತಮ್ಮನ ಫೋಟೋ, ಹೋಗಯ್ಯ ಅಂದ್ರು. ನಂಗೆ ತಮ್ಮನೇ ಇಲ್ಲ. ನಮ್ಮನೆಯವಳು ನೋಡಿ, ಇವರನ್ನೇ ಕಟ್ಕೊಂಡಿದ್ರೆ ಎಷ್ಟು ಚೆನ್ನಾಗಿತ್ತು ಅಂತಾಳೆ."

ಒಳಗಿನಿಂದ ಯಜಮಾನರು ನಕ್ಕರು. ನಗು ಮುಗಿಸಿ, ಗಿರಾಕಿಗೆ ಕೇಳಿಸುವಂತೆಯೇ ಹೇಳಿದರು, "ಪಾಲಿಶಕ್ಕ, ನೆಲ ಒರೆಸಿದ ಹಾಗೆ ಮುಖ ಒರೆಸ್ಬೇಡಿ ಅಂತ ಎಷ್ಟು ಸಲ ಹೇಳ್ಲಿ. ಇರೋದು ಇರ್ಲಿ ಬಿಡಿ."

ಪಾಲಿಶಕ್ಕ ಎಂಬ ಹೆಸರು ಇಟ್ಟವರು ಯಾರೋ, ಈಗ ಬೀದಿಯೆಲ್ಲ ಹಾಗೆಯೇ ಕರೆಯುತ್ತಿತ್ತು. ಮದುವೆಯ ವಯಸ್ಸಿನ ಹುಡುಗಿಯರು ಆ ಹೆಸರನ್ನೇ ಕೇಳಿಕೊಂಡು ಬರುತ್ತಿದ್ದರು. ಅವರ ಮುಂದೆ ಅದೊಂದು ಬಿರುದು. ಟೈಲರನ ಮುಂದೆ ಕಪಾಳಕ್ಕೆ ಹೊಡೆದಂತಾಯಿತು. ಟೈಲರನ ಮಚ್ಚೆಯನ್ನು ಮೂಲ ಚಿತ್ರದಿಂದ ತೆಗೆದು ಮತ್ತೆ ಕೂರಿಸಿಕೊಟ್ಟಳು. ಅವನು ಬೆಳಕಿಗೆ ಹಿಡಿದು ನೋಡಿ, "ಹಾಂ, ಈಗ ನಾನೇ," ಎಂದು ಸಮಾಧಾನದಿಂದ ಹೋದ. ಅವನಿಗಾದರೆ ಮೂಲ ಚಿತ್ರವಿತ್ತು.

ಹಿಂದಿನ ಸಲ ಅಣ್ಣನ ಮನೆಗೆ ಹೋದಾಗ, ಹೌದು, ಅತ್ತಿಗೆ ಮೇಲಿನ ಗೂಡಿನಿಂದ ಡಬ್ಬಿ ತೆಗೆಯಲು ಕೈ ಎತ್ತಿದಾಗ ಕುರ್ಚಿಯಲ್ಲಿದ್ದ ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಆಗ ಅದು ಬೆಳಕಿಗೆ ಅಂದುಕೊಂಡಿದ್ದಳು. ಬಾಗಿಲು ತೆಗೆದಿತ್ತು, ಬಿಸಿಲು ಬರುತ್ತಿತ್ತು ಎಂದು ನೆನಪು. ಈಗ ನೆನೆದರೆ ಬಾಗಿಲು ಮುಚ್ಚಿದ ಹಾಗೂ ಇತ್ತು. ಬಚ್ಚಲಿನಿಂದ ಅತ್ತಿಗೆಯ ದನಿ, "ಬಿಡಿ ಅತ್ತೆ, ಬಿಡಿ ಅಂದೆನಲ್ಲ," ಎಂಬುದು; ಅದರಲ್ಲಿ ಬೇಸರವಿತ್ತು ಅಂದುಕೊಂಡದ್ದು, ಈಗ ಕೇಳಿದರೆ ಹಲ್ಲು ಕಚ್ಚಿಕೊಂಡ ದನಿ. ತಾನು ಹೊರಡುವಾಗ ಅಮ್ಮ ತನ್ನ ಸೆರಗನ್ನೋ ಚೀಲವನ್ನೋ ಹಿಡಿದುಕೊಂಡದ್ದು. ಅದು ಬರಿಯ ಅಭ್ಯಾಸವೋ, ಕರೆದುಕೊಂಡು ಹೋಗು ಅಂದದ್ದೋ? ಆ ಕೈಯನ್ನು ಒಂದೊಂದೇ ಬೆರಳು ಬಿಡಿಸಿ, ಬಸ್ಸಿಗೆ ಹೊತ್ತಾಯಿತಮ್ಮ ಎಂದು ನಕ್ಕು ಬಂದವಳು ತಾನು. ಆ ನಗು ಮಾತ್ರ ಎಷ್ಟು ಸಲ ನೆನೆದರೂ ಬದಲಾಗಲಿಲ್ಲ.

ಊಟದ ಹೊತ್ತಿಗೆ ಅಣ್ಣನಿಗೆ ಫೋನು ಮಾಡಿದಳು. ಅವನು ಔಷಧಿ ಗೋದಾಮಿನಲ್ಲಿ ಮೇಲ್ವಿಚಾರಕ. ಹಿಂದೆ ಪೆಟ್ಟಿಗೆಗಳನ್ನು ಎಳೆಯುವ ಸದ್ದು.

"ಅಣ್ಣ, ಫೋಟೋ ಬಂತು."

"ಹ್ಞಾಂ. ಆಗುತ್ತಾ ಅದು?"

"ಎರಡು ಬಂದಿತ್ತು. ಮೊದಲನೇದನ್ನ ಅತ್ತಿಗೆ ಅಳಿಸಿಬಿಟ್ಟಿದಾರೆ."

"ಸರಿಯಾಗಿ ಬಂದಿರ್ಲಿಕ್ಕಿಲ್ಲ. ಅವಳ ಕೈಲಿ ಫೋನೆಲ್ಲಿ ನಿಲ್ಲುತ್ತೆ."

"ಇರಬಹುದು." ಇಲ್ಲಿಗೆ ನಿಲ್ಲಿಸಬಹುದಿತ್ತು. "ಅಮ್ಮ ಏನಾದ್ರೂ ಬಿದ್ದಿದ್ಲಾ?"

"ಇಲ್ವಲ್ಲ. ಯಾಕೆ?"

"ಏನಿಲ್ಲ. ಕೆನ್ನೆ ಮೇಲೆ ಏನೋ ಇದ್ದ ಹಾಗಿತ್ತು. ಎಡಗಡೆ."

"ನಂಗೇನೂ ಹೇಳ್ಲಿಲ್ವಲ್ಲ ಅವಳು."

"ಹೇಳಿರ್ಲಿಕ್ಕಿಲ್ಲ," ಎಂದಳು. ಪೆಟ್ಟಿಗೆಗಳ ಸದ್ದು ನಿಂತಿತ್ತು. ಆ ಮೌನಕ್ಕೆ ಏನಾದರೂ ತುಂಬಬೇಕೆನ್ನಿಸಿ, ಮೆತ್ತಗೆ, "ಅವರಿಗೂ ಸಾಕಾಗಿರುತ್ತೆ ಪಾಪ. ಒಬ್ಬರೇ ಎಷ್ಟಂತ ಮಾಡ್ತಾರೆ," ಎಂದು ಸೇರಿಸಿದಳು.

ಆ 'ಪಾಪ'ವನ್ನು ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಫೋನು ಇಟ್ಟ ಮೇಲೆ ಅದರ ರುಚಿ ನಾಲಗೆಯ ಮೇಲೆ ಉಳಿಯಿತು, ಕಬ್ಬಿಣದ ಚಮಚ ನೆಕ್ಕಿದ ಹಾಗೆ.

ತಲೆನೋವೆಂದು ಯಜಮಾನರಿಗೆ ಹೇಳಿ ಬೇಗ ಅಣ್ಣನ ಮನೆಗೆ ಹೊರಟಳು. ಸ್ಟುಡಿಯೋದ ಚಿಕ್ಕ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡಳು. ಹೋಗುವುದಕ್ಕೆ ಹೇಳಿಕೊಳ್ಳಲು ಒಂದು ನೆಪವಿರಬೇಕಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಹೆಂಗಸು ತನ್ನ ಮಗುವಿನ ಮೂಗು ಒರೆಸುತ್ತಿದ್ದಳು, ಎಷ್ಟು ಬಲವಾಗಿ ಎಂದರೆ ಮಗುವಿನ ತಲೆಯೇ ಹಿಂದಕ್ಕೆ ಹೋಗುತ್ತಿತ್ತು, ಮಗು ಅಳುತ್ತಲೂ ಇರಲಿಲ್ಲ. ಅವಳು ಅದನ್ನೇ ನೋಡುತ್ತಿದ್ದುದಕ್ಕೋ ಏನೋ ಆ ಹೆಂಗಸು, "ನಿಮಗಿಳಿಬೇಕಾ?" ಎಂದು ಗದರಿದಳು. ಇಲ್ಲವೆಂದು ತಲೆಯಾಡಿಸಿ ಬೇರೆ ಕಡೆ ತಿರುಗಿದಳು. ಅತ್ತಿಗೆ ಬಾಗಿಲು ತೆಗೆದಾಗ ಅವಳ ಮುಖದಲ್ಲಿ ಮೊದಲು ಏನು ಬರುತ್ತದೆ ಎಂಬುದನ್ನು ತಪ್ಪದೆ ನೋಡಬೇಕು ಎಂದುಕೊಂಡಳು. ಹೇಳದೆ ಬಂದವರ ಮುಂದೆ ಮುಖ ಸುಳ್ಳು ಹೇಳುವುದಕ್ಕೆ ಒಂದು ಕ್ಷಣ ತಡವಾಗುತ್ತದೆ. ಇಷ್ಟು ವರ್ಷ ಜನರನ್ನು ಸ್ಟೂಲಿನ ಮೇಲೆ ಕೂರಿಸಿ ಕಲಿತದ್ದು ಅದು.

ಅತ್ತಿಗೆಯ ಮುಖದಲ್ಲಿ ಬಂದದ್ದು ನಿದ್ದೆ. ಕಣ್ಣು ಕಿರಿದು ಮಾಡಿಕೊಂಡು, "ಅಯ್ಯೋ, ನೀನಾ! ಫೋನಾದ್ರೂ ಮಾಡ್ಬಾರದಾ, ಬಾ ಬಾ," ಎಂದಳು. ತೋಳು ಉದ್ದದ ಅಂಗಿ ತೊಟ್ಟಿದ್ದಳು, ಅದರ ತುದಿ ಒದ್ದೆಯಾಗಿತ್ತು. "ಈಗ ತಾನೇ ಹಾಸಿಗೆ ಬಟ್ಟೆ ಒಗೆದು ಹಾಕಿ ಹಾಗೇ ಒರಗಿದ್ದೆ. ಟೀ ಇಡ್ತೀನಿ ಕೂತ್ಕೋ. ಅತ್ತೆ, ಯಾರು ಬಂದ್ರು ನೋಡಿ."

ಅಮ್ಮ ಕಿಟಕಿಯಿಂದ ದೂರ, ಕುರ್ಚಿಯಲ್ಲಿ ಕೂತಿದ್ದಳು. ಪೌಡರ್ ಇನ್ನೂ ಹಾಗೇ ಇತ್ತು, ಬೆವರಿಗೆ ಅಲ್ಲಲ್ಲಿ ಹೆಪ್ಪುಗಟ್ಟಿತ್ತು. ಅವಳನ್ನು ಕಂಡು ನಕ್ಕಳು. ಬಾಗಿಲಿಗೆ ಬಂದ ಯಾರನ್ನು ಕಂಡರೂ ನಗುವ ನಗು.

"ಫೋಟೋ ತೆಗೆಯೋಣ ಅಂತ ಬಂದೆ ಅತ್ತಿಗೆ. ನೀವು ಕಳಿಸಿದ್ರಲ್ಲಿ ಮುಖ ನೇರವಾಗಿಲ್ಲ, ಅವರು ತಗೊಳಲ್ಲ."

"ಗೊತ್ತಿತ್ತು ಕಣೆ ನಂಗೆ," ಅತ್ತಿಗೆ ಅಡುಗೆಮನೆಯಿಂದಲೇ ಹೇಳಿದಳು. "ಏನ್ಮಾಡ್ಲಿ, ಅವರು ತಲೆ ನಿಲ್ಸಿದ್ರೆ ತಾನೆ. ಒಂದು ಮೊದಲೇ ಕಳಿಸಿದ್ದೆ, ಆಮೇಲೆ ನೋಡ್ತೀನಿ, ಅಂಗಿ ಗುಂಡಿ ಹಾಕೇ ಇಲ್ಲ! ಎದೆ ಎಲ್ಲಾ ಕಾಣ್ತಿದೆ. ನಿಮ್ಮ ಸ್ಟುಡಿಯೋದಲ್ಲಿ ಯಾರ್ಯಾರು ಇರ್ತಾರೋ ಏನೋ ಅಂತ ತಕ್ಷಣ ಅಳಿಸಿದೆ. ನೋಡಿಬಿಟ್ಯಾ?"

"ಇಲ್ಲ," ಎಂದಳು. ಅದು ನಿಜವೇ ಆಗಿತ್ತು. ಅಷ್ಟು ಹೊತ್ತು ನೋಡಿದ ಚಿತ್ರದಲ್ಲಿ ಗುಂಡಿ ಹಾಕಿತ್ತೋ ಇಲ್ಲವೋ ಅವಳು ನೋಡಿರಲಿಲ್ಲ. ಇಷ್ಟು ಚೆನ್ನಾಗಿ ಹೊಂದುವ ಕಾರಣ, ಕೇಳುವ ಮೊದಲೇ ಬಂದುಬಿಟ್ಟಿತಲ್ಲ. ಸಮಾಧಾನವಾಗಬೇಕಾಗಿದ್ದ ಜಾಗದಲ್ಲಿ ಇನ್ನೊಂದು ಗೆರೆ ಎದ್ದಿತು.

ಅಮ್ಮನನ್ನು ಎಬ್ಬಿಸಿ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂರಿಸಿದಳು. "ಪೌಡರ್ ಜಾಸ್ತಿ ಆಗಿದೆ ಅಮ್ಮ, ಫ್ಲ್ಯಾಶಿಗೆ ಹೊಳೆಯುತ್ತೆ," ಎಂದು, ಅಡುಗೆಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ, ಕರ್ಚೀಫು ಒದ್ದೆ ಮಾಡಿಕೊಂಡು ಬಂದಳು. ಎಡಗೈಯಿಂದ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಎಡಗೆನ್ನೆ ಒರೆಸಿದಳು. ಪೌಡರ್ ಬಂತು, ಅದರ ಕೆಳಗೆ ಇನ್ನೂ ಇತ್ತು. ಸುಕ್ಕಿನೊಳಗೆ ಕೂತದ್ದು ಬರಲಿಲ್ಲ. ಹೆಬ್ಬೆರಳಿನಿಂದ ಚರ್ಮವನ್ನು ಎಳೆದು ಹಿಡಿದು ಒರೆಸಿದಳು. ಅಮ್ಮ "ಊಂ" ಎಂದು ಕತ್ತು ಕೊಸರಿದಳು. "ಒಂದ್ನಿಮಿಷ ಅಮ್ಮ, ಒಂದೇ ನಿಮಿಷ." ಏನೋ ಕೆಂಪಗೆ ಕಾಣುತ್ತಿತ್ತು, ಕಿವಿಯ ಕೆಳಗೆ. ಈಗ ಒರೆಸಿದ್ದಕ್ಕೆ ಬಂದದ್ದೋ, ಮೊದಲೇ ಇದ್ದದ್ದೋ? ಗಲ್ಲವನ್ನು ಇನ್ನೂ ಬಿಗಿಯಾಗಿ ಹಿಡಿದು ಬಗ್ಗಿ ನೋಡಿದಳು. ಅಮ್ಮನ ಉಸಿರು ಮುಖಕ್ಕೆ ಬಡಿಯಿತು, ಮಾತ್ರೆಯ ವಾಸನೆ. ಅಮ್ಮನ ಕೈ ಎದ್ದು ಅವಳ ಮಣಿಕಟ್ಟನ್ನು ಹಿಡಿಯಿತು, ಆ ಕೈಯಲ್ಲಿ ಇಷ್ಟು ಬಲವಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. "ಬಿಡು ಅಮ್ಮ, ಬಿಡು ಅಂದೆನಲ್ಲ," ಎಂದಳು, ಮತ್ತು ಆ ದನಿ ಕೇಳಿ ತಾನೇ ಕೈ ಬಿಟ್ಟಳು.

ಬೆರಳುಗಳಿದ್ದ ಜಾಗ ಮೊದಲು ಬೆಳ್ಳಗಾಯಿತು. ಆಮೇಲೆ ನಿಧಾನವಾಗಿ, ಒಳಗಿನಿಂದ ಯಾರೋ ದೀಪ ಹಿಡಿದು ಬರುತ್ತಿರುವಂತೆ, ಕೆಂಪೇರಿತು. ಎಡಗೆನ್ನೆಯ ಮೇಲೆ ಓರೆಯಾಗಿ ಮೂರು ಸ್ಪಷ್ಟವಾದ ಪಟ್ಟಿ, ನಾಲ್ಕನೆಯದು ದವಡೆಯ ಅಂಚಿನಲ್ಲಿ ಅರ್ಧ. ಯಾವ ಗುಂಡಿಯನ್ನೂ ಒತ್ತಬೇಕಾಗಿರಲಿಲ್ಲ.

ಅತ್ತಿಗೆ ಟೀ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅಮ್ಮ ಅತ್ತಿಗೆಯ ಕಡೆ ಕೈ ಚಾಚಿ ಮಗುವಿನ ಹಾಗೆ, "ನೋಡೇ, ನೋಡೇ ಇವಳು, ಹೊಡೀತಾಳೆ ನನ್ನ," ಎಂದಳು. ಅತ್ತಿಗೆ ಲೋಟಗಳನ್ನು ಕೆಳಗಿಟ್ಟು ಬಂದು ಅಮ್ಮನ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡಳು.

"ಇಲ್ಲ ಅತ್ತೆ, ಯಾರೂ ಹೊಡೀಲಿಲ್ಲ. ನಿಮ್ಮ ಮಗಳಲ್ವಾ." ಆಮೇಲೆ ಅವಳ ಕಡೆ ನೋಡದೆ, "ಇರ್ಲಿ ಬಿಡೆ. ರಕ್ತ ತೆಳು ಆಗೋ ಮಾತ್ರೆ ಕೊಡ್ತಿದಾರಲ್ಲ, ಮುಟ್ಟಿದ್ರೆ ಸಾಕು ಹೀಗೆ ಏಳುತ್ತೆ. ನನ್ನ ಕೈಯಲ್ಲೂ ಆಗುತ್ತೆ," ಎಂದಳು.

ನನ್ನ ಕೈಯಲ್ಲೂ. ಹಾಗಾದರೆ ಬೆಳಿಗ್ಗೆ ಇತ್ತೋ, ಇರಲಿಲ್ಲವೋ? ಕೇಳುವುದಕ್ಕೆ ಬಾಯಿ ತೆರೆದಳು. ಕೇಳಿದರೆ ಅತ್ತಿಗೆ ಹೇಳಿಯೂ ಬಿಡುತ್ತಿದ್ದಳು, ಹೌದು, ಸ್ನಾನ ಮಾಡಿಸುವಾಗ ಹಿಡಿದುಕೊಂಡಿದ್ದೆ ಎಂದೋ, ಇಲ್ಲ ಎಂದೋ. ಯಾವುದನ್ನು ಹೇಳಿದರೂ ಅದಕ್ಕಿಂತ ಕೆಟ್ಟದ್ದು ಈಗ ಅವಳ ಕಣ್ಣೆದುರಿಗೇ ಇತ್ತು. ಅವಳು ಟೀ ಲೋಟ ತೆಗೆದುಕೊಂಡಳು. ಲೋಟ ಸುಡುತ್ತಿತ್ತು, ಹಾಗೇ ಹಿಡಿದುಕೊಂಡಳು.

ಆಗ ಬೀಗ ತಿರುಗಿದ ಸದ್ದಾಯಿತು. ಅಣ್ಣ. ಎಂದೂ ಈ ಹೊತ್ತಿಗೆ ಬರುವವನಲ್ಲ. ಚಪ್ಪಲಿ ಬಿಡದೆ ನೇರ ಒಳಗೆ ಬಂದ, ತಂಗಿಯನ್ನು ನೋಡಿಯೂ ನೋಡದೆ ಅಮ್ಮನ ಮುಂದೆ ಹೋಗಿ ನಿಂತ. ಎಡಗೆನ್ನೆಯನ್ನೇ ನೋಡಿದ. ಎಲ್ಲಿ ನೋಡಬೇಕೆಂದು ಅವನಿಗೆ ಮೊದಲೇ ಗೊತ್ತಿತ್ತು.

"ಏನಿದು?" ಅಂದ. ಅಮ್ಮನನ್ನಲ್ಲ, ಹೆಂಡತಿಯನ್ನು.

ಅತ್ತಿಗೆ ತಕ್ಷಣ, "ಕುರ್ಚಿ ಕೈ ಒತ್ತಿದ್ದು. ನಿದ್ದೆ ಮಾಡ್ಬಿಟ್ಟಿದ್ರು," ಎಂದಳು.

"ಕುರ್ಚಿಗೆ ಬೆರಳಿರುತ್ತಾ?"

ಅತ್ತಿಗೆಯ ಕೈ ಇನ್ನೂ ಅಮ್ಮನ ತಲೆಯ ಮೇಲಿತ್ತು. ಅಣ್ಣ ಆ ಕೈಯನ್ನು ನೋಡಿದ. ಅಂಥ ನೋಟವನ್ನು ಅವಳು ಬೆಳಿಗ್ಗೆಯಿಂದ ತನ್ನ ಕಣ್ಣಿನೊಳಗಿಟ್ಟುಕೊಂಡು ತಿರುಗಿದ್ದಳು. ಬೇರೆಯವರ ಮುಖದಲ್ಲಿ ಅದು ಹೀಗೆ ಕಾಣುತ್ತದೆಂದು ತಿಳಿದಿರಲಿಲ್ಲ. ಸುಮ್ಮನಿದ್ದರೆ ಆಗುತ್ತಿತ್ತು. ಟೀ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದರೆ ಅತ್ತಿಗೆ ಯಾರಿಗೂ ಹೇಳುವುದಿಲ್ಲ, ಹೇಳುವ ಜಾತಿಯವಳಲ್ಲ.

"ನನ್ನ ಕೈ ಅಣ್ಣ ಅದು," ಎಂದಳು. "ಪೌಡರ್ ಒರೆಸ್ತಿದ್ದೆ. ಜೋರಾಗಿ ಹಿಡಿದುಬಿಟ್ಟೆ."

ಅಣ್ಣ ಅವಳ ಕಡೆ ತಿರುಗಿದ. ಮುಖದಲ್ಲಿ ಕೋಪವಿರಲಿಲ್ಲ, ಒಂದು ಥರದ ಕನಿಕರವಿತ್ತು. "ನೀನು ಇವಳನ್ನ ಉಳಿಸೋಕೆ ಹೋಗ್ಬೇಡ. ನೀನೇ ಅಲ್ವಾ ಮಧ್ಯಾಹ್ನ ಫೋನ್ ಮಾಡಿ ಹೇಳಿದ್ದು, ಎಡಗಡೆ ಅಂತ? ಅವಾಗ ನೀನಿಲ್ಲಿದ್ಯಾ?"

ಅತ್ತಿಗೆ ಈಗ ಮೊದಲ ಸಲ ಅವಳನ್ನು ಪೂರ್ತಿ ನೋಡಿದಳು. ಅಮ್ಮನ ಅಂಗಿಯ ಬಿಚ್ಚಿದ ಗುಂಡಿಯೊಂದನ್ನು ಹಾಕಿದಳು.

"ಅಣ್ಣ, ಅದು ಬೇರೆ. ಅದು ನಿಜವಾಗ್ಲೂ ಇತ್ತೋ ಇಲ್ವೋ ನಂಗೇ..." ಅದನ್ನು ಹೇಗೆ ಹೇಳುವುದು? ನುಣುಪು ಮಾಡಿದ್ದು, ಅಳಿಸಿ ಹೋಗಿದ್ದು, ಒತ್ತಿ ಒತ್ತಿ ಎಬ್ಬಿಸಿದ್ದು. ಅಣ್ಣ ಮೊಬೈಲನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟ. ಅವನು ನಂಬುವುದಿಲ್ಲ. ಇವತ್ತಲ್ಲ, ನಾಳೆಯೂ ಅಲ್ಲ; ಪ್ರತಿ ಸಂಜೆ ಬಂದು ಆ ಕೆನ್ನೆಯನ್ನು ನೋಡುತ್ತಾನೆ.

ಲೋಟವನ್ನು ಕೆಳಗಿಟ್ಟು ಅವಳು ಅಮ್ಮನ ಮುಂದೆ ಮಂಡಿಯೂರಿದಳು. "ನೋಡು," ಎಂದಳು. ಎಡಗೈಯನ್ನು ಎತ್ತಿ, ಬೆರಳುಗಳನ್ನು ಒಂದೊಂದಾಗಿ ಆ ಕೆಂಪು ಪಟ್ಟಿಗಳ ಮೇಲೆ, ಚರ್ಮಕ್ಕೆ ತಾಗಿಯೂ ತಾಗದಂತೆ ಇಟ್ಟಳು. ಉಂಗುರದ ಬೆರಳಿನದು ಸ್ವಲ್ಪ ಸೊಟ್ಟ, ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಮುರಿದದ್ದು. ಕೆನ್ನೆಯ ಮೇಲಿನ ಪಟ್ಟಿಯೂ ಅಲ್ಲೇ ಸೊಟ್ಟಗಿತ್ತು. ಆ ಮನೆಯಲ್ಲಿ ಬೇರೆ ಯಾರ ಬೆರಳೂ ಹಾಗಿರಲಿಲ್ಲ. ಅಣ್ಣ ಬಗ್ಗಿ ನೋಡಿದ. ನೋಡುತ್ತಾ ಅವನ ಉಸಿರು ಬದಲಾದದ್ದು ಅವಳಿಗೆ ಕೇಳಿಸಿತು.

ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು, ಭುಜ ಕುಗ್ಗಿಸಿದಳು. ಅತ್ತಿಗೆಯ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಪೆಟ್ಟು ಬೀಳುವುದನ್ನೇ ಕಾಯುತ್ತಾ ಕೂತಳು.

"ಗೊತ್ತಾಯ್ತು ನಿಮ್ಮಣ್ಣಂಗೆ," ಎಂದಳು ಅತ್ತಿಗೆ. "ಇನ್ನು ಕೈ ತೆಗಿ."